ಕುಡಿಯದೆ ಕೆಳಗಿಟ್ಟ ಕಾಫಿ

ಕೆರಕ್ ಊರಿನ ನೀರಿನ ಕಚೇರಿಯಲ್ಲಿ ದೈಫಲ್ಲಾ ಹದಿನೇಳು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿದ್ದ. ವಿಭಾಗದ ಮುಖ್ಯಸ್ಥನ ಹುದ್ದೆ ಖಾಲಿಯಾದಾಗ ಅವನಿಗೂ ಆಸೆ ಹುಟ್ಟಿತು. ಕೇಳುವ ಧೈರ್ಯ ಮಾತ್ರ ಹುಟ್ಟಲಿಲ್ಲ.

"ಒಂದೇ ಸಲ ಗುಡ್ಡ ಹತ್ತಬೇಡಿ," ಎಂದಳು ಹೆಂಡತಿ ನಾಯಿಫಾ. "ಮೊದಲು ಸಾಹೇಬರ ಬಾಗಿಲ ಹತ್ರ ನಿಲ್ಲಿ. ಆಮೇಲೆ ಸಲಾಂ. ಆಮೇಲೆ ಕೂತ್ಕೊಳ್ಳಿ. ಕಾಫಿ ಕೊಟ್ರೆ, ಏನಾದ್ರೂ ಕೇಳೋಕೆ ಬಂದವರು ಮಾಡೋ ಹಾಗೆ, ಕುಡೀದೆ ಕೆಳಗಿಡಿ. 'ಕುಡಿ, ಕೇಳಿದ್ದು ಕೊಟ್ಟೆ' ಅನ್ನೋವರೆಗೂ ಮುಟ್ಟಬೇಡಿ. ಕುಡಿದ್ಮೇಲೆ ಅವರೂ ಹಿಂದೆ ಸರಿಯೋ ಹಾಗಿಲ್ಲ, ನೀವೂ ಸರಿಯೋ ಹಾಗಿಲ್ಲ."

ಒಂಬತ್ತಕ್ಕೆ ಮೊದಲ ಹೆಜ್ಜೆ ಸಲೀಸಾಗಿ ಮುಗಿಯಿತು. ಹತ್ತೂವರೆಯಾದರೂ ಅವನು ಬಾಗಿಲ ಬಳಿಯೇ ನಿಂತಿದ್ದ. ಇಡೀ ಕಚೇರಿ ಕೆಲಸ ಬಿಟ್ಟು ಅವನನ್ನೇ ನೋಡತೊಡಗಿತು. ಟಪಾಲು ನೋಡಿಕೊಳ್ಳುವ ಉಮ್ ರಾಕಾನ್ ತಡೆಯಲಾರದೆ ಎದ್ದು ಬಂದಳು.

"ಏನಣ್ಣಾ, ಒಳಗೆ ಹಾವಿದ್ಯಾ?"

"ಸಣ್ಣ ಕೆಲಸ ಇತ್ತು."

"ರಜೆ ಬೇಕಾ?"

"ಅಲ್ಲ."

"ಮಗಳ ಮದುವೆಗೆ ಕರೆಯೋಕಾ?"

"ನಂಗೆ ಮಗಳೇ ಇಲ್ವಲ್ಲ ತಾಯಿ!"

"ಹಾಗಾದ್ರೆ ವರ್ಗಾವಣೆ! ನಿನ್ನ ಮಾವ ರುವೈಶಿದ್‌ನಲ್ಲಿ ಇದಾರಲ್ಲ, ಅಲ್ಲಿಗೆ ಹೋಗ್ಬೇಕಾ?"

ರುವೈಶಿದ್ ಎಂದರೆ ಮರುಭೂಮಿಯ ಆ ತುದಿ. ಶಿಕ್ಷೆಗಲ್ಲದೆ ಕಚೇರಿಯಿಂದ ಅಲ್ಲಿಗೆ ಯಾರೂ ಹೋದವರಿಲ್ಲ. ಆದರೆ ನಿಜ ಹೇಳಿದರೆ ದೃಷ್ಟಿಯಾದೀತು, ಹೇಳದಿದ್ದರೆ ಇವಳು ಬಿಡಳು. "ಹೂಂ ಹೂಂ, ಅದೇ," ಎಂದುಬಿಟ್ಟ.

ಉಮ್ ರಾಕಾನ್ ಕಣ್ಣರಳಿಸಿದಳು. ಕೈಗೆ ಸಿಕ್ಕ ಫೈಲು ಹಿಡಿದು ಒಳಗೆ ಹೋದಳು. ಏನೋ ಮಾತಾಡಿ ಹೊರಬಂದವಳೇ ಅವನ ಬೆನ್ನಿಗೆ ಕೈಕೊಟ್ಟು ಒಳಗೆ ತಳ್ಳಿದಳು. ಸಲಾಮೂ ಕೂರುವುದೂ ಒಟ್ಟಿಗೇ ಆದವು.

ಅತಲ್ಲಾ ಸಾಹೇಬರು ಕಾಫಿ ಬಗ್ಗಿಸಿಕೊಟ್ಟರು. ದೈಫಲ್ಲಾ ಬಟ್ಟಲನ್ನು ಕೆಳಗಿಟ್ಟ.

"ಹದಿನೇಳು ವರ್ಷ ಬಾಯಿ ಬಿಡದವನು ಇವತ್ತು ಕಾಫಿ ಕೆಳಗಿಟ್ಟಿದೀಯ. ಕುಡಿ, ನಿನ್ನ ಕೆಲಸ ಆಯ್ತು!"

"ಸಾಹೇಬ್ರೇ, ನಾನಿನ್ನೂ ಏನು ಅಂತ..."

"ಎಲ್ಲಾ ಗೊತ್ತು. ಕುಡಿಯಯ್ಯಾ!"

ಒಂದೇ ಗುಟುಕಿಗೆ ಕುಡಿದ. ನಾಲಿಗೆ ಸುಟ್ಟರೂ ಸಂತೋಷ ಉಕ್ಕಿತು. "ನಾಳೆಯಿಂದಲೇ ಸೇರಿಕೊಳ್ತೀನಿ ಸಾಹೇಬ್ರೇ!"

"ನಾಳೆಯಿಂದಲೇ? ಭೇಷ್!" ಎಂದು ಸಾಹೇಬರು ಆದೇಶ ಬರೆದು ಮುಂದೆ ಸರಿಸಿದರು. ಅದರಲ್ಲಿ ರುವೈಶಿದ್ ಎಂದಿತ್ತು.

ದೈಫಲ್ಲಾ ಖಾಲಿ ಬಟ್ಟಲಿನ ಕಡೆ ನೋಡಿದ. ಸಾಹೇಬರು ಡ್ರಾಯರ್‌ನಿಂದ ಇನ್ನೊಂದು ಕಾಗದ ತೆಗೆದು ಎರಡಾಗಿ ಹರಿದರು.

"ನಿಜ ಹೇಳ್ಲಾ? ನಂಗೂ ಬೇಜಾರೇ ಆಯ್ತು ಕಣಯ್ಯಾ. ಮುಖ್ಯಸ್ಥನ ಹುದ್ದೆಗೆ ಬೆಳಿಗ್ಗೆಯೇ ನಿನ್ನ ಹೆಸರು ಬರೆದಿಟ್ಟಿದ್ದೆ. ಆದ್ರೆ ಕಾಫಿ ಕೆಳಗಿಟ್ಟವನಿಗೆ ಇಲ್ಲ ಅನ್ನೋಕಾಗುತ್ತಾ?"