ದೊರೆ ಹಿಂದೆ ಸರಿದ ದಿನ

ಇಷ್ಟಕ್ಕೆಲ್ಲ ಕಾರಣ ಕಾಹಾನ ಮೇಕೆ. ಅದು ಗುಡ್ಡದ ಮೇಲೆ ತನ್ನ ಪಾಡಿಗೆ ತಾನು ಒಣಮುಳ್ಳು ಮೇಯ್ದುಕೊಂಡಿದ್ದರೆ ಇಬ್ಬರು ಗೆಳೆಯರು ಇವತ್ತಿಗೂ ಒಂದೇ ಗಡಿಗೆಯ ಹೆಂಡ ಕುಡಿಯುತ್ತಿದ್ದರು. ಆದರೆ ಮೇಕೆ ಸುಮ್ಮನಿರುವ ಜಾತಿಯಲ್ಲ. ಕಾಲಡಿಯ ಕಲ್ಲು ಕುಸಿದು ಒಂದು ತೂತಿನೊಳಗೆ ಬಿತ್ತು. ಬಿದ್ದ ಮೇಲಾದರೂ ಬಾಯಿ ಮುಚ್ಚಿಕೊಂಡಿತೇ? ಗಂಡನ ಮನೆಯಿಂದ ಸಿಟ್ಟಾಗಿ ಬಂದ ಮಗಳ ಹಾಗೆ ಊರಿಗೆಲ್ಲ ಕೇಳುವಂತೆ ಅರಚಿಕೊಂಡಿತು.

ಮೇಕೆ ಕಾಹಾನದು, ಅದನ್ನು ಎತ್ತಿದ ಹಗ್ಗ ಪೆಂದುವಾನದು. ಇಳಿದು ನೋಡಿದರೆ ಒಳಗೆ ಒಂದು ಗೋರಿ. ಬಂಡೆ ಕಡಿದು ಅಚ್ಚುಕಟ್ಟಾಗಿ ಮುಗಿಸಿದ ಕೋಣೆ. ಒಳಗೆ ಹೆಣದ ಪೆಟ್ಟಿಗೆ ಇಲ್ಲ, ಗೋಡೆಯ ಮೇಲೆ ಯಾರ ಹೆಸರೂ ಇಲ್ಲ. ಯಾರೋ ಕಡಿಸಿ, ಮಲಗುವ ಮೊದಲೇ ಎಲ್ಲೋ ಹೋಗಿ ಸತ್ತಿರಬೇಕು. ಮೇಕೆ ನನ್ನದು, ಹಾಗಾಗಿ ಗೋರಿಯೂ ನನ್ನದು ಎಂದ ಕಾಹಾ. ಹಗ್ಗ ಇಲ್ಲದಿದ್ದರೆ ನಿನ್ನ ಮೇಕೆಗೆ ಅದೇ ಗೋರಿಯಾಗುತ್ತಿತ್ತು, ಹಾಗಾಗಿ ನನ್ನದು ಎಂದ ಪೆಂದುವಾ. ಮೊದಲು ಇಬ್ಬರೂ ನಗುತ್ತಲೇ ಹೇಳಿದ್ದರು.

ಆ ನಗುವನ್ನು ಒಣಗಿಸಿದವನು ಊರಬಾಗಿಲು ಕಾಯುವ ಆನಖ್ತ. ಊರೊಳಗೆ ನೀರು ಹೊತ್ತು ಬರುವ ಕತ್ತೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅದನ್ನು ಬಿಟ್ಟು ಉಳಿದದ್ದೆಲ್ಲ ನೋಡಿಕೊಳ್ಳುತ್ತಿದ್ದ. ಕಾಹಾ ಅಂದದ್ದನ್ನು ಒಂದಿಷ್ಟು ಖಾರ ಹಚ್ಚಿ ಪೆಂದುವಾನಿಗೆ ಮುಟ್ಟಿಸಿದ. ಪೆಂದುವಾ ಅಂದದ್ದನ್ನು ಅದೇ ಪ್ರಕಾರ ಕಾಹಾನಿಗೆ. ವಾರ ಕಳೆಯುವುದರೊಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಾದರು.

ದೊರೆಗಳ ಗೋರಿ ಕಡಿಯುವುದೇ ಈ ಊರಿನ ಕಸುಬು. ಪೆಂದುವಾ ಗೋಡೆಗೆ ಗಾರೆ ಮೆತ್ತುವವನು, ಕಾಹಾ ಅದರ ಮೇಲೆ ಬಣ್ಣ ಬರೆಯುವವನು. ಒಬ್ಬ ದೊರೆ ಸತ್ತು ಸಾವಿರಾರು ವರ್ಷ ಮಲಗಲಿ ಎಂದು ಪೆಂದುವಾ ಅರ್ಧ ಆಯುಷ್ಯ ಸುಣ್ಣದ ಧೂಳು ನುಂಗಿದ್ದ. ಆದರೆ ಅವನ ಹೆಂಡತಿ ವಾಬೆತ್ ಮಲಗಿದ್ದು ಎಲ್ಲಿ? ಅವಳ ತಮ್ಮ ಇಪುಯ್ ತನ್ನ ಮನೆಯವರಿಗೆಂದು ಕಡಿಸಿಟ್ಟ ಗೋರಿಯಲ್ಲಿ, ಬಾಗಿಲ ಪಕ್ಕದ ಮೂಲೆಯಲ್ಲಿ, ಒಡೆದ ಗಡಿಗೆಗಳ ಜೊತೆ. ಹಿಂದಿನ ನೆರೆಗಾಲದಲ್ಲಿ ಜ್ವರ ಬಂದು ಹೋದವಳು. ಕಡೆಯ ದಿನ ಅವಳ ಕೈ ಹಿಡಿದು, ನಿನಗೊಂದು ಸ್ವಂತ ಕೋಣೆ ಮಾಡಿಸಿಕೊಡುತ್ತೇನೆ ಎಂದಿದ್ದ. ಇಪುಯ್ ಎದುರಿಗೆ ಸಿಕ್ಕಾಗಲೆಲ್ಲ ಒಂದೇ ಮಾತು: "ಭಾವ, ಅಕ್ಕನ್ನ ಯಾವಾಗ ಕರ್ಕೊಂಡು ಹೋಗ್ತೀಯ? ನಮ್ಮತ್ತೆಗೂ ಹುಷಾರಿಲ್ಲ, ಜಾಗ ಬೇಕಾಗುತ್ತೆ."

ಜಗಳ ಮೇಸ್ತ್ರಿ ಅನ್‌ಹೆರ್‌ಗೆ ತಲುಪಿತು. ಊರಿನ ಕೆಲಸಗಾರರಿಗೆಲ್ಲ ಅವನೇ ಹಿರಿಯ. ಅವನು ಗಡ್ಡವಿಲ್ಲದ ಗಲ್ಲ ಕೆರೆದುಕೊಂಡು, ಹಬ್ಬದ ದಿನ ಹಳೇ ದೊರೆಯೇ ತೀರ್ಮಾನ ಮಾಡಲಿ ಎಂದ.

ಬದುಕಿರುವ ದೊರೆ ದೂರದ ಉತ್ತರದಲ್ಲಿ ಇರುತ್ತಾನೆ. ನಮ್ಮ ಮೇಕೆ, ಗೋಡೆ, ಕತ್ತೆಗಳ ಜಗಳ ಅವನ ಅರಮನೆಯ ಮೆಟ್ಟಿಲು ಹತ್ತುವುದಿಲ್ಲ. ನಮಗೆ ಹತ್ತಿರದವನು ಸತ್ತ ದೊರೆ, ಈ ಊರು ಕಟ್ಟಿಸಿದವನು. ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ ದೇವರಾದ ಅವನ ಮೂರ್ತಿ ಮೇಲಿನ ಗುಡಿಯಲ್ಲಿದೆ. ಹಬ್ಬದ ದಿನ ಊರಿನ ಗಂಡಸರೇ ತಲೆ ಬೋಳಿಸಿಕೊಂಡು, ಮಡಿಯುಟ್ಟು ಅವನ ಪಲ್ಲಕ್ಕಿ ಹೊರುತ್ತಾರೆ. ಎದುರು ನಿಂತು ಕೇಳಬೇಕು. ದೊರೆ ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಅಲ್ಲ. ಆಮೇಲೆ ಅದರ ಮೇಲೆ ಮಾತಿಲ್ಲ. ಮೊದಲು ದೂರು ಕೊಟ್ಟವನಿಗೆ ಮೊದಲು ಕೇಳುವ ಹಕ್ಕು, ಮತ್ತು ಮೊದಲು ದೂರು ಕೊಟ್ಟವನು ಕಾಹಾ.

ಪಲ್ಲಕ್ಕಿಯ ಮುಂದಿನ ದಂಡಿಗೆಗೆ ಹೆಗಲು ಕೊಡುವವನು ಪೆಂದುವಾ. ದಾವೆ ಇದ್ದವನು ಪಲ್ಲಕ್ಕಿ ಹೊರಬಾರದೆಂದು ಯಾರೂ ಹೇಳಲಿಲ್ಲ. ನಡೆಯುವುದು ದೊರೆ; ಹೊತ್ತವನ ಹೆಗಲಿಗೆ ಸ್ವಂತ ಬುದ್ಧಿ ಇರುವುದಿಲ್ಲ ಎಂಬುದು ಊರಿನ ನಂಬಿಕೆ. ಪೆಂದುವಾನೂ ಹಾಗೇ ನಂಬಿದ್ದವನು, ಹಬ್ಬದ ಬೆಳಗಿನವರೆಗೆ.

ಆ ಬೆಳಿಗ್ಗೆ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಮನೆಯ ಹೆಂಡದ ಗಡಿಗೆ ಎತ್ತಿಕೊಂಡು ಜೊತೆಗೆ ಪಲ್ಲಕ್ಕಿ ಹೊರುವ ಬೋವಿಗಳನ್ನು ಗುಡಿಯ ಹಿಂದೆ ಸೇರಿಸಿದ. ಇಪುಯ್‌ನೂ ಅವರಲ್ಲೊಬ್ಬ. ಹಬ್ಬದ ಮಡಿಯಲ್ಲಿ ಹೆಂಡ ಕುಡಿಯಬಾರದೆಂದು ಮೊದಲು ಎಲ್ಲರೂ ಅಂದರು. ಆಮೇಲೆ ಎಲ್ಲರೂ ಕುಡಿದರು. ಪೆಂದುವಾ ವಿಷಯ ಹೇಳಿದ. ಕಾಹಾ ಕೇಳಿ ಮುಗಿಸುತ್ತಿದ್ದ ಹಾಗೆ ತಾನು ಕೆಮ್ಮುತ್ತೇನೆ. ಕೆಮ್ಮಿದ ಕೂಡಲೇ ಎಲ್ಲರೂ ಹಿಂದೆ ಹೆಜ್ಜೆ ಇಡಬೇಕು. ಗಾರೆಯವನ ಕೆಮ್ಮಿಗೆ ಯಾರು ಅನುಮಾನ ಪಟ್ಟಾರು? ವರ್ಷವೆಲ್ಲ ಕೆಮ್ಮುವವನು ಹಬ್ಬದ ದಿನ ಒಂದು ಕೆಮ್ಮು ಹೆಚ್ಚು ಕೆಮ್ಮಿದ ಅಷ್ಟೆ.

ಬುದ್ಧಿ ಇದ್ದವನು ಮಾಡುವ ಕೆಲಸವೇ ಇದು? ತಾನಾಗಿ ಬರುವ, ತಡೆದರೆ ನಿಲ್ಲದ ಕೆಮ್ಮನ್ನು ಯಾವನಾದರೂ ಸನ್ನೆಗೆ ಇಟ್ಟುಕೊಳ್ಳುತ್ತಾನೆಯೇ? ಕಿವಿ ಹಿಡಿದುಕೊಳ್ಳಬಹುದಿತ್ತು, ನೆಲಕ್ಕೆ ಕಾಲು ಬಡಿಯಬಹುದಿತ್ತು. ಆದರೆ ಹೇಳಿಕೊಡುವವಳು ಇಪುಯ್‌ನ ಗೋರಿಯ ಮೂಲೆಯಲ್ಲಿದ್ದಳು.

ಗಡಿಗೆ ಎತ್ತಿಕೊಂಡು ಹೋಗುವುದನ್ನು ಆನಖ್ತ ನೋಡಿದ್ದ. ಹೆಂಡದ ವಾಸನೆ ಹಿಡಿದು ಗುಡಿಯ ಗೋಡೆಯ ಹಿಂದೆ ಬಂದು, ಚಪ್ಪಲಿಯ ಬಾರು ಕಟ್ಟಿಕೊಳ್ಳುವವನ ಹಾಗೆ ಬಗ್ಗಿ, ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ.

ಹೆಂಡದ ವಾಸನೆ ಹೋಗಲೆಂದು ಪೆಂದುವಾ ಬಾಯಿಶುದ್ಧಿಯ ಸವಳುಪ್ಪನ್ನು ಹಿಡಿ ತುಂಬ ಜಗಿದ. ಗಂಟಲು ಬೇಸಿಗೆಯ ಮರಳಿನ ಹಾಗೆ ಒಣಗಿತು. ಪಲ್ಲಕ್ಕಿ ಎದ್ದಿತು. ಹೆಂಗಸರು ಮಾಳಿಗೆಯ ಮೇಲಿಂದ ಕೂಗಿದರು, ತಮಟೆ ಬಡಿಯಿತು. ಪೂಜಾರಿ ಧೂಪದ ಬಟ್ಟಲು ಹಿಡಿದು ಪೆಂದುವಾನ ಮೂಗಿನ ನೇರಕ್ಕೆ ಹಿಂದುಹಿಂದಾಗಿ ನಡೆದ. ಹಬ್ಬದ ಪದ್ಧತಿಯಂತೆ ಈರುಳ್ಳಿ ಮಾಲೆ ಹಾಕಿಕೊಂಡ ಮಂದಿ ಬೀದಿಯ ಎರಡೂ ಕಡೆ ಒತ್ತಿ ನಿಂತಿದ್ದರು. ಆನಖ್ತ ಮಾತ್ರ ಪಲ್ಲಕ್ಕಿಯ ಹಿಂದೆ, ಮೇಸ್ತ್ರಿಯ ಮನೆಯ ಜಗಲಿಯ ಮೇಲೆ, ನೆರಳು ನೋಡಿ ಕೂತಿದ್ದ.

ಕಾಹಾ ಎದುರಿಗೆ ಬಂದ. ಒಗೆದ ಬಟ್ಟೆ ಉಟ್ಟಿದ್ದ, ಕಣ್ಣು ಮಾತ್ರ ನಿದ್ದೆಯಿಲ್ಲದವನ ಹಾಗೆ ಕೆಂಪಾಗಿತ್ತು. ಪೆಂದುವಾ ಅವನ ಮುಖ ನೋಡದೆ ಪಾದ ನೋಡಿದ. ಒಂದು ಬೆರಳಿನ ಮೇಲೆ ನೀಲಿ ಬಣ್ಣ ಉಳಿದಿತ್ತು.

"ನನ್ನ ಒಳ್ಳೆ ದೊರೆಯೇ," ಎಂದು ಕಾಹಾ ಶುರುಮಾಡಿದ. ದೊರೆಯನ್ನು ಹಾಗೆಯೇ ಕರೆಯಬೇಕು. "ಆ ಗೋರಿ ನನಗೆ ಬೇಕು ಅಂತ ದೂರು ಕೊಟ್ಟಿದ್ದೆ. ನಮ್ಮಪ್ಪ ಮರಳಿನ ಗುಂಡೀಲಿ ಮಲಗಿದ್ದಾನೆ. ಆದ್ರೆ ನನ್ನ ಹೆಂಡ್ತಿಗೆ ಹಾಲು ಬತ್ತಿದಾಗ ನಮ್ಮ ಮಗೂಗೆ ಎದೆ ಕೊಟ್ಟೋಳು ವಾಬೆತ್ ಅತ್ತಿಗೆ. ಅವಳು ಬೇರೆಯವರ ಮೂಲೇಲಿ ಇದ್ದಾಳೆ. ಅದಕ್ಕೇ ಈಗ ಬೇರೆ ಮಾತು ಕೇಳ್ತೀನಿ. ಆ ಗೋರಿ ಪೆಂದುವಾನಿಗೆ ಹೋಗ್ಲಾ, ನನ್ನ ದೊರೆಯೇ?"

ಪೆಂದುವಾ ಪ್ರತಿ ಅಕ್ಷರ ಕೇಳಿಸಿಕೊಂಡ. ಅವನ ಬಾಯಿ ತಾನಾಗಿ ತೆರೆದುಕೊಂಡಿತು. ಅಳುವಿನಂಥದು ಏನೋ ಎದೆಯಿಂದ ಮೇಲೆ ಬಂತು, ಅದನ್ನು ಒಳಗೆ ತಳ್ಳಲು ಒಂದು ದೊಡ್ಡ ಉಸಿರು ಎಳೆದುಕೊಂಡ. ಪೂಜಾರಿಯ ಬಟ್ಟಲಿನ ಧೂಪವೆಲ್ಲ ಆ ಉಸಿರಿನ ಜೊತೆ ಒಳಗೆ ಹೋಯಿತು. ಒಳಗೆ ಸವಳುಪ್ಪು ಕಾಯುತ್ತಿತ್ತು. ಕತ್ತೆ ಒದ್ದ ಬಾಗಿಲಿನ ಹಾಗೆ ಕೆಮ್ಮು ಹೊರಗೆ ಬಿತ್ತು.

ಬೋವಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೆಂಡದ ಋಣಕ್ಕೆ ಒಬ್ಬನ ಹಾಗೆ ಎಲ್ಲರೂ ಹಿಂದೆ ಹೆಜ್ಜೆ ಇಟ್ಟರು. ದೊರೆ ಹಿಂದೆ ಸರಿದ.

ಮಾಳಿಗೆಯ ಮೇಲಿನ ಹೆಂಗಸೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಕಾಹಾ ಪೆಂದುವಾನನ್ನು ನೋಡಿದ. ಮೇಸ್ತ್ರಿ ಮುಂದೆ ಬಂದು, ಹಾಗಾದರೆ ಮೊದಲಿನ ಪ್ರಕಾರ ಗೋರಿ ಕಾಹಾನಿಗೇ ಇರಲಾ ಎಂದು ದೊರೆಯನ್ನು ಕೇಳಿದ.

ಪೆಂದುವಾನಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಒಂದೇ: ಅದು ಕಾಹಾನಿಗಾದರೂ ಆಗಲಿ. ಹಲ್ಲು ಕಚ್ಚಿ, ಹೊಟ್ಟೆ ಬಿಗಿಹಿಡಿದು, ಎತ್ತಿನ ಹಾಗೆ ದಂಡಿಗೆಯನ್ನು ಮುಂದಕ್ಕೆ ನೂಕಿದ. ತಡೆದ ಕೆಮ್ಮು ಮೊದಲು ಕಣ್ಣಿಗೆ ಬಂತು, ಆಮೇಲೆ ಮೂಗಿಗೆ, ಕೊನೆಗೆ ಬಾಯಿಗೆ. ಬೋವಿಗಳಿಗೆ ಕೆಮ್ಮು ಕೇಳಿಸಿತು, ನೂಕಿದ್ದು ಕೇಳಿಸಲಿಲ್ಲ. ದೊರೆ ಮತ್ತೆ ಹಿಂದೆ ಸರಿದ.

ಹಾಗಾದರೆ ಯಾರಿಗೆ ಎಂದು ಮೇಸ್ತ್ರಿ ಗಾಬರಿಯಿಂದ ಕೇಳಿದ. ಇನ್ನು ಕೆಮ್ಮಿಗೆ ತಡೆಯೇ ಇರಲಿಲ್ಲ. ಪೆಂದುವಾ ಕೆಮ್ಮಿದ, ದೊರೆ ಹಿಂದೆ ಹೋದ. ಸಾಕು ನಿಲ್ಲಿ ಎನ್ನಲು ಬಾಯಿ ತೆರೆದ, ಅದೂ ಕೆಮ್ಮಾಯಿತು, ದೊರೆ ಇನ್ನಷ್ಟು ಹಿಂದೆ ಹೋದ. ಮಂದಿ ಚದುರಿದರು, ತಮಟೆಯವನು ಚರಂಡಿಗೆ ಇಳಿದ, ಯಾರದೋ ಬಾತುಕೋಳಿ ಕಾಲ ನಡುವೆ ಸಿಕ್ಕಿ ರೆಕ್ಕೆ ಬಡಿಯಿತು. ಕೊನೆಗೆ ಹಿಂದಿನ ಬೋವಿ ಜಗಲಿಗೆ ಎಡವಿದ. ಪಲ್ಲಕ್ಕಿ ವಾಲಿತು. ಮುಂಗೋಳಿ ಜಾವದ ನಿದ್ದೆಯಲ್ಲಿ ಮಗು ಹೊರಳುವ ಹಾಗೆ ಮೂರ್ತಿ ಹೊರಳಿ, ಜಗಲಿಯ ಮೇಲೆ ಕೂತಿದ್ದ ಆನಖ್ತನ ಮಡಿಲಲ್ಲಿ ಬಂದು ಕೂತಿತು.

ಹುಟ್ಟಿದಾಗಿನಿಂದ ಮಾತಾಡುತ್ತಿದ್ದ ಆನಖ್ತನಿಗೆ ಆಗ ಮಾತು ಹೊರಡಲಿಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಯಾವ ದೊರೆ ಹೇಳಿಯಾನು? ಮೇಸ್ತ್ರಿ ನೆಲಕ್ಕೆ ಹಣೆ ಮುಟ್ಟಿಸಿದ, ಊರೇ ಮುಟ್ಟಿಸಿತು. ಗೋರಿ ಆನಖ್ತನದಾಯಿತು. ಹಳೇ ದೊರೆಯ ಎದುರು ಸುಳ್ಳು ಹಕ್ಕು ಹೇಳಿದ್ದಕ್ಕೆ ದಂಡವಾಗಿ ಪೆಂದುವಾ ಅದಕ್ಕೆ ಗಾರೆ ಮಾಡಬೇಕು, ಕಾಹಾ ಬಣ್ಣ ಬರೆಯಬೇಕು ಎಂದೂ ತೀರ್ಮಾನವಾಯಿತು. ಹೆಂಗಸರು ಪೆಂದುವಾನ ನೆರಳು ಸೋಕದಂತೆ ಮಕ್ಕಳನ್ನು ಎಳೆದುಕೊಂಡರು. ದೊರೆಯೇ ಇವನನ್ನು ಬೇಡವೆಂದ ಮೇಲೆ ಇನ್ನೇನು ಪಾಪ ಮಾಡಿದ್ದಾನೋ. ಇಪುಯ್ ಹೆಗಲು ಉಜ್ಜಿಕೊಳ್ಳುತ್ತ ಹತ್ತಿರ ಬಂದು, ಅತ್ತೆಗೆ ಜ್ವರ ಏರಿದೆ ಎಂದಷ್ಟೇ ಹೇಳಿ ಹೋದ.

ಸತ್ಯ ಹೇಳೋಣವೆಂದರೆ ಹೇಗೆ ಹೇಳುವುದು? ಸರಿದದ್ದು ದೊರೆಯಲ್ಲ, ನನ್ನ ಕೆಮ್ಮು ಎಂದರೆ ಇಲ್ಲಿಯವರೆಗೆ ಈ ಬೀದಿಯಲ್ಲಿ ಆದ ತೀರ್ಮಾನಗಳೆಲ್ಲ ಏನಾಗಬೇಕು? ಯಾರ ಗೋಡೆ ಯಾರದು, ಯಾರ ಕತ್ತೆ ಯಾರದು? ಪೆಂದುವಾ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಳ್ಳುವುದನ್ನು ಬೆಳಿಗ್ಗೆಯೇ ಕಲಿತಿದ್ದರೆ ಚೆನ್ನಾಗಿತ್ತು.

ಸಂಜೆ ಬಿಸಿಲು ಇಳಿಯುವ ಮೊದಲೇ ಗೋಡೆಯ ಅಳತೆ ನೋಡಲು ಇಬ್ಬರೂ ಗೋರಿಗೆ ಇಳಿದರು, ಅದೇ ಹಗ್ಗ ಹಿಡಿದು. ಮಾತು ಮರಳಿ ಬಂದ ಆನಖ್ತ ಮೇಲೆ ತೂತಿನ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು, ಈ ಗೋಡೆಗೆ ಅಂಜೂರದ ಮರ ಬರಲಿ, ಆ ಗೋಡೆಗೆ ತಾನು ಮೀನು ಹಿಡಿಯುತ್ತಿರುವ ಹಾಗೆ ಬರೆಯಿರಿ, ಹೊಟ್ಟೆ ಸ್ವಲ್ಪ ಸಣ್ಣ ಮಾಡಿ ಎಂದು ಹೇಳುತ್ತಲೇ ಇದ್ದ. ಕೋಣೆ ತಂಪಾಗಿತ್ತು. ಒಂದು ಪೆಟ್ಟಿಗೆಗೆ ಧಾರಾಳ, ಎರಡಕ್ಕೂ ಸಾಕು. ಮೂಲೆಯಲ್ಲಿ ಮೇಕೆಯ ಹಿಕ್ಕೆ ಒಣಗಿತ್ತು. ಪೆಂದುವಾ ಗೋಡೆಗೆ ಅಂಗೈ ಇಟ್ಟು ನೋಡಿದ. ಒಳ್ಳೆಯ ಕಲ್ಲು, ತೆಳ್ಳಗೆ ಗಾರೆ ಬಳಿದರೂ ಹಿಡಿಯುತ್ತದೆ. ವಾಬೆತ್‌ಳ ತಲೆ ಯಾವ ಕಡೆ ಬರುತ್ತಿತ್ತು ಎಂದು ಅವನ ಕಣ್ಣು ತಾನಾಗಿ ಅಳೆಯಿತು.

ಕಾಹಾ ಎದುರಿನ ಗೋಡೆಯ ಅಳತೆ ಮುಗಿಸಿದ. ಆಮೇಲೆ ಮೇಲಿನವನಿಗೆ ಕೇಳದಷ್ಟು ಮೆಲ್ಲಗೆ ಅಂದ, "ಅಣ್ಣಾ, ಕೆಮ್ಮಿನ ವಿಷಯ ಆನಖ್ತ ಬೆಳಿಗ್ಗೇನೇ ಬಂದು ಹೇಳಿದ್ದ ನಂಗೆ."

ಪೆಂದುವಾನ ಕೈ ಗೋಡೆಯ ಮೇಲೇ ನಿಂತಿತು.

"ಮೊದ್ಲು ಸಿಟ್ಟು ಬಂತು. ಬಂದು ನಿನ್ನ ಬೋಳುತಲೆ ಮೇಲೆ ಎರಡು ಬಿಡೋಣ ಅನ್ನಿಸ್ತು. ಆಮೇಲೆ ಯೋಚ್ನೆ ಮಾಡ್ದೆ. ಅತ್ತಿಗೆಗೋಸ್ಕರ ಇಷ್ಟು ಕೆಳಗೆ ಇಳಿದಿದ್ದಾನಲ್ಲ ಇವನು, ಅವಳಿಗೇ ಹೋಗ್ಲಿ ಬಿಡು ಅಂದ್ಕೊಂಡೆ. ಅಪ್ಪ ಮರಳಲ್ಲಿ ಇಷ್ಟು ದಿನ ಇದ್ದಾನೆ, ಇನ್ನೂ ಇರ್ತಾನೆ. ನಿನ್ನ ಹೆಸರು ಹೇಳಿದ್ರೆ ನೀನು ಕೆಮ್ಮಲ್ಲ, ಕೆಮ್ಮದಿದ್ರೆ ಯಾರೂ ಹಿಂದೆ ಹೋಗಲ್ಲ. ಅಷ್ಟು ಲೆಕ್ಕ ಹಾಕಿಯೇ ಎದುರಿಗೆ ಬಂದೆ." ಕಾಹಾ ಬಗ್ಗಿ ಕಾಲ್ಬೆರಳಿನ ನೀಲಿಯನ್ನು ಉಗುರಿನಿಂದ ಕೆರೆದ. "ಯಾಕಣ್ಣಾ ಕೆಮ್ಮಿದೆ?"

ಮೇಲಿನಿಂದ ಆನಖ್ತ, ಅಂಜೂರದ ಮರದಲ್ಲಿ ಒಂದು ಕೋತಿಯೂ ಇರಲಿ ಎಂದ.

ಪೆಂದುವಾ ಉತ್ತರ ಕೊಡಲು ಬಾಯಿ ತೆರೆದ. ಒಂದು ಕೆಮ್ಮಾದರೂ ಬಂದು ಕಾಪಾಡಲಿ ಎಂದು ಕಾದ. ಗಂಟಲು ಬೆಳಗಿನ ಹೊಳೆಯ ಹಾಗೆ ತಿಳಿಯಾಗಿತ್ತು. ಕೆಮ್ಮು ಬರಲಿಲ್ಲ.