ಯಾರೂ ಕೂಗದ ಸ್ವಿಚ್ಚು

ಕಟ್ಟಡವೊಂದು ವಿದ್ಯುತ್ತನ್ನು ಎಲ್ಲಿ ಪೋಲು ಮಾಡುತ್ತಿದೆ ಎಂದು ಪತ್ತೆಹಚ್ಚುವಷ್ಟು ಸುಲಭದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ. ಅಂಧೇರಿಯ ನಮ್ಮ ಆಫೀಸಿನಲ್ಲಿ ಅರ್ಧ ದಿನದ ತರಬೇತಿ ಪಡೆದ ನನಗಂತೂ ಅದು ಎಡಗೈ ಆಟ. ಮೊದಲು ಅಳೆಯಿರಿ, ಆಮೇಲೆ ಉಳಿಸಿ. ಇಷ್ಟೇ ಸೂತ್ರ!

ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಸಾವಂತರಿಗೆ ಇದನ್ನು ವಿವರಿಸಿದೆ. ಅವರು ಸಂತೋಷದಿಂದ ಮೀಟರ್ ರೂಮಿನ ಕೀಲಿ ಕೊಟ್ಟರು ಎಂದು ನನ್ನ ನೆನಪು. ನಾನೇ ಕಿತ್ತುಕೊಂಡೆ ಎಂದು ಅವರ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ನೀವು ಸಾವಂತರನ್ನೇ ನಂಬುವುದು ಕ್ಷೇಮ.

ಅದು ಭಾನುವಾರ ಮಧ್ಯಾಹ್ನ. ಹೆಂಡತಿ ಸುಮಂಗಲಾ ಮಾಟುಂಗದ ಕನ್ನಡ ಸಂಘದ ಭಜನಾ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದಳು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕಿದವಳಿಗೆ ಮೊದಲ ಸಲ ಮುಂದೆ ಕೂತು ಹಾಡುವ ಅವಕಾಶ.

"ಇವತ್ತೊಂದ ದಿವಸ ಯಾವ ಕಿತಾಪತಿನೂ ಮಾಡಬ್ಯಾಡ್ರಿ," ಎಂದಳು.

"ಕಿತಾಪತಿ ಅಲ್ಲ, ಎನರ್ಜಿ ಆಡಿಟ್!"

"ನಾನೂ ಅದನ್ನ ಅಂದೆ."

ಮೀಟರ್ ರೂಮಿಗೆ ಹೋದೆ. ಮೆಟ್ಟಿಲ ದೀಪಗಳು ಆರಿವೆ, ನೀರಿನ ಪಂಪು ನಿಂತಿದೆ. ಆದರೂ ಇಡೀ ಸೊಸೈಟಿಗೆ ಸೇರಿದ ಮೀಟರಿನ ಕೆಂಪು ಚುಕ್ಕೆ ಮಿಣುಕುತ್ತಲೇ ಇತ್ತು! ಯಾರೋ ಗುಟ್ಟಾಗಿ ವಿದ್ಯುತ್ ತಿನ್ನುತ್ತಿದ್ದಾರೆ. ಯಾರು? ಸ್ವಿಚ್ಚುಗಳ ಮೇಲೆ ಹೆಸರಿರಲಿಲ್ಲ. ಪ್ರತಿ ದೀಪಾವಳಿಗೂ ಗೋಡೆಗೆ ಬಣ್ಣ ಬಳಿದವರು ಹೆಸರುಗಳಿಗೂ ಉದಾರವಾಗಿ ಬಳಿದಿದ್ದರು. ಆದ್ದರಿಂದ ನಾನೇ ಒಂದು ವಿಧಾನವನ್ನು ಆವಿಷ್ಕರಿಸಿದೆ. ಸ್ವಿಚ್ಚು ಆರಿಸಿ ಕಿವಿಗೊಡುವುದು. ಯಾರಾದರೂ ಕೂಗಿದರೆ ಅವಶ್ಯಕ ಬಳಕೆ. ಯಾರೂ ಕೂಗದಿದ್ದರೆ ಪೋಲು!

ಮೊದಲನೆಯದನ್ನು ಆರಿಸಿದೆ.

"ಅರೇ ಸಾಬ್, ಪಂಖಾ ಬಂದ್ ಹೋ ಗಯಾ!" ಫ್ಯಾನು ನಿಂತು ಗೇಟಿನಿಂದ ವಾಚ್‌ಮನ್. ಅವಶ್ಯಕ. ಮತ್ತೆ ಹಾಕಿದೆ.

ಎರಡನೆಯದು.

"ಅಹೋ, ಮ್ಯಾಚ್ ಚಾಲೂ ಆಹೇ!" ಸೊಸೈಟಿ ಆಫೀಸಿನ ಟಿವಿಯ ಮುಂದಿನಿಂದ ಸಾವಂತರು. ಅತ್ಯವಶ್ಯಕ.

ಅಷ್ಟರಲ್ಲಿ ಕೆಂಪು ಚುಕ್ಕೆ ಹುಚ್ಚು ಹಿಡಿದಂತೆ ಮಿಣುಕತೊಡಗಿತು. ಕಳ್ಳ ಸಿಕ್ಕ! ಮೂರನೆಯದನ್ನು ಆರಿಸಿದೆ. ಚುಕ್ಕೆ ಥಟ್ಟನೆ ಶಾಂತವಾಯಿತು. ಸಾವಂತರ ಮ್ಯಾಚಿನ ಗದ್ದಲದ ನಡುವೆಯೇ ಕಿವಿಗೊಟ್ಟೆ. ಒಂದೂ ಕೂಗಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲೋ ಮೇಲಿನಿಂದ ಸುಮಂಗಲಾಳ ಮಂಡಳಿಯ ಭಜನೆ ಮಾತ್ರ ತೇಲಿ ಬಂತು. ಹೊರಡುವ ಮುನ್ನ ಕೊನೆಯ ಅಭ್ಯಾಸ, ಪಾಪ! ಇದರ ನಡುವೆಯೇ ಅವಳ ಫೋನು ಬಂತು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ವಿಜ್ಞಾನ ಮುನ್ನಡೆಯುತ್ತಿರುವಾಗ ಹೆಂಡತಿಯ ಫೋನು ಎತ್ತಬಾರದು.

ಮೂರನೆಯ ಸ್ವಿಚ್ಚನ್ನು ಶುದ್ಧ ಪೋಲು ಎಂದು ಘೋಷಿಸಿ, ರೂಮಿಗೆ ಬೀಗ ಹಾಕಿ, ವಿಜಯದ ಚಹಾಕ್ಕೆ ಎದುರಿನ ಹೋಟೆಲಿಗೆ ಹೋದೆ. ಅರ್ಧ ಕಪ್ ಮುಗಿದಿರಲಿಲ್ಲ. ಹೋಟೆಲಿನ ಮಾಲೀಕರೂ ನಮ್ಮ ಐದನೇ ಮಾಳಿಗೆಯ ನೆರೆಯವರೂ ಆದ ಉಡುಪಿಯ ಶೆಟ್ಟರು ಏದುಸಿರು ಬಿಡುತ್ತಾ ಬಂದರು.

"ಎಂಥ ಮಾರಾಯ್ರೆ ಕುಲಕರ್ಣಿಯವ್ರೆ, ನೀವಿಲ್ಲಿ ಚಾ ಕುಡೀತಾ ಇದ್ದೀರಾ? ಅಲ್ಲಿ ನಿಮ್ಮ ಮನೆಯವರು ಲಿಫ್ಟಲ್ಲಿ ಭಜನೆ ಮಾಡ್ತಾ ಇದ್ದಾರೆ!"

"ಲಿಫ್ಟಿನಲ್ಲಿ ಯಾಕೆ?"

"ಅದನ್ನು ನೀವೇ ಹೇಳ್ಬೇಕು. ಮೀಟರ್ ರೂಮಿನ ಕೀ ನಿಮ್ಮತ್ರ ಉಂಟಂತಲ್ಲ?"

ಓಡಿದೆ. ಸ್ವಿಚ್ಚು ಹಾಕಿದೆ. ಲಿಫ್ಟು ಗಂಭೀರವಾಗಿ ಕೆಳಗಿಳಿದು ಬಾಗಿಲು ತೆರೆಯಿತು. ಒಳಗೆ ಬೆವರಿನಲ್ಲಿ ತೊಯ್ದ ನಾಲ್ಕು ಇಳಕಲ್ ಸೀರೆಗಳು, ಮಧ್ಯೆ ಒಂದು ಹಾರ್ಮೋನಿಯಂ.

"ಫೋನ್ ಯಾಕ ಕಟ್ ಮಾಡಿದ್ರಿ?" ಸುಮಂಗಲಾಳ ಗಂಟಲು ಒಡೆದಿತ್ತು. "ಚೀರಿ ಚೀರಿ ಸಾಕಾತು. ಕಡೀಗೆ ಅಂಜಿಕಿ ಹೋಗ್ಲಿ ಅಂತ ಹಾಡಿದ್ವಿ."

"ಹಾಡು ಕೇಳಿಸಿತು. ಬಹಳ ಚೆನ್ನಾಗಿತ್ತು!"

ಈ ಮಾತನ್ನು ನಾನು ಆಡಲೇ ಇಲ್ಲ ಎಂದು ಇಂದಿಗೂ ವಾದಿಸುತ್ತೇನೆ. ನಾಲ್ಕು ಜನ ಸಾಕ್ಷಿಗಳಿದ್ದಾರೆ.

"ನೋಡವಾ ಸುಮಾ," ಎಂದರು ಗೆಳತಿ ಕಮಲಾಬಾಯಿ, "ಸ್ಪರ್ಧಾಕ್ಕ ಹೋಗೂದಕಿಂತ ಮೊದಲ ಬಹುಮಾನ ಬಂತು!"

ರಿಕ್ಷಾ, ಲೋಕಲ್ ಟ್ರೇನು, ಮತ್ತೆ ಓಟ. ಮಾಟುಂಗ ತಲುಪಿದಾಗ ಅವರ ಸರದಿ ದಾಟಿ ಹೋಗಿತ್ತು. ಸಂಘದವರು ದೊಡ್ಡ ಮನಸ್ಸಿನಿಂದ ಬಹುಮಾನ ಹಂಚಿದ ಮೇಲೆ ಹಾಡಲು ಬಿಟ್ಟರು. ಸಭೆ ಎದ್ದು ಉಪ್ಪಿಟ್ಟಿನ ಕಡೆ ಹೋಯಿತು. ಕುರ್ಚಿಗಳನ್ನು ಮಡಚುತ್ತಿದ್ದರು. ಸುಮಂಗಲಾ ಮುಂದೆ ಕೂತು ಬಾಯಿ ತೆರೆದಳು. ಧ್ವನಿ ಹೊರಡಲಿಲ್ಲ. ಇದ್ದುದನ್ನೆಲ್ಲ ಲಿಫ್ಟಿಗೆ ಕೊಟ್ಟುಬಿಟ್ಟಿದ್ದಳು. ಹಿಂದಿನವರು ಹಾಡಿದರು, ಅವಳು ಮುಂದೆ ಕೂತೇ ತಾಳ ಹಾಕಿದಳು. ಆಗ ನಾನು ಎಲ್ಲಿ ನೋಡುತ್ತಿದ್ದೆನೋ ನೆನಪಿಲ್ಲ. ಈ ಒಂದು ಸಲ ನೆನಪು ಹುಷಾರಿಯಿಂದ ಗೈರುಹಾಜರಾಗಿದೆ.

ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಸಾವಂತರು ವಿದ್ಯುತ್ ಬಳಕೆ ಇಳಿದಿದೆ ಎಂದು ಪ್ರಕಟಿಸಿದರು. ಅಭಿನಂದನೆ ಸ್ವೀಕರಿಸಲು ಎದ್ದು ನಿಂತೆ. ಕಾರಣವನ್ನೂ ಅವರೇ ಹೇಳಿದರು: ಕುಲಕರ್ಣಿ ಎಲ್ಲಿದ್ದಾರೆಂದು ಖಚಿತವಾಗುವವರೆಗೆ ಯಾರೂ ಲಿಫ್ಟ್ ಹತ್ತುತ್ತಿಲ್ಲ. ಕೂತೆ.

ಆದರೆ ಸುಮಂಗಲಾ ಮೆಟ್ಟಿಲಿಗೆ ಶರಣಾಗುವವಳಲ್ಲ. ಈ ವರ್ಷದ ಸ್ಪರ್ಧೆಗೆ ಹೊರಟ ದಿನ ಹಾರ್ಮೋನಿಯಮ್ಮನ್ನು ನನ್ನ ಹೆಗಲಿಗೇರಿಸಿ, ಎಲ್ಲರಿಗಿಂತ ಮೊದಲು ನನ್ನನ್ನೇ ಲಿಫ್ಟಿನೊಳಗೆ ತಳ್ಳಿದಳು.

"ನೀವು ಒಳಗಿದ್ರ ಹೊರಗ ಯಾರೂ ಏನೂ ಆರಿಸೂದಿಲ್ಲ," ಎಂದಳು.

ಹೀಗೆ ಕೊನೆಗೂ ಭಜನಾ ಮಂಡಳಿಯಲ್ಲಿ ನನಗೊಂದು ಸ್ಥಾನ ದೊರೆಯಿತು. ಗಾಯಕನದಲ್ಲ, ತಾಳದವನದೂ ಅಲ್ಲ. ಒತ್ತೆಯಾಳಿನದು!