ಬೆಂಜೀನ್ ಮೇಷ್ಟ್ರು ಕಿಟಕಿಯ ಕೆಳಗೆ

ಕೆಮಿಸ್ಟ್ರಿಯ ಬೆಂಜೀನ್ ಮೇಷ್ಟ್ರು ಅಂದು ತರಗತಿಗೆ ಹೋದಾಗ ಅಲ್ಲಿದ್ದವರು ಇಬ್ಬರೇ. ಅವರಲ್ಲೊಬ್ಬ ನಿದ್ದೆ ಹೋಗಿದ್ದ.

"ಉಳಿದವರೆಲ್ಲಿ?"

"ಹೊಸ ಮೇಡಂ ಕ್ಲಾಸಲ್ಲಿ, ಸರ್. ನೀವು ಮಾಡಿದ ರೆಸೋನೆನ್ಸ್ ಪಾಠಾನ ಅವರು ಅರ್ಥ ಆಗೋ ಹಾಗೆ ಮಾಡ್ತಾರಂತೆ," ಎಂದ ಎಚ್ಚರವಿದ್ದವನು.

ಮೇಷ್ಟ್ರ ಹೊಟ್ಟೆಯೊಳಗೆ ಯಾರೋ ಪಿಪೆಟ್ಟಿನಿಂದ ತೊಟ್ಟುತೊಟ್ಟಾಗಿ ಆಸಿಡ್ ಬಿಟ್ಟಂತಾಯಿತು. ಕೆಲಸಕ್ಕೆ ಸೇರಿದಂದಿನಿಂದ ಅವರು ಬೋರ್ಡಿನ ಮೇಲೆ ಬೆಂಜೀನ್ ಅಣುವಿನ ಚಿತ್ರವೆಂದು ಎರಡು ಷಟ್ಕೋನ ಬರೆದು, "ಜೋಡಿ ಬಂಧಗಳು ಇಲ್ಲಿಂದಲ್ಲಿಗೆ ನೆಗೀತವೆ, ಅಲ್ಲಿಂದಿಲ್ಲಿಗೆ ನೆಗೀತವೆ, ಬರ್ಕೊಳ್ಳಿ," ಎನ್ನುತ್ತ ಬಂದವರು. ನಿನ್ನೆಮೊನ್ನೆ ಬಂದವಳ ತಪ್ಪು ಹಿಡಿದೇ ತೀರುವೆನೆಂದು ಆಕೆಯ ತರಗತಿಯ ಕಿಟಕಿಯ ಕೆಳಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು.

"ನಿಮ್ಮ ಮೂಗು ಅಮ್ಮಂದು, ಹಣೆ ಅಪ್ಪಂದು ಅನ್ಕೊಳ್ಳಿ," ಎನ್ನುತ್ತಿದ್ದರು ಮೇಡಂ. "ಹಾಗಂತ ಬೆಳಿಗ್ಗೆ ಅಮ್ಮ, ಸಂಜೆ ಅಪ್ಪ ಆಗ್ತೀರಾ? ಇಲ್ಲ, ಯಾವಾಗಲೂ ನೀವು ನೀವೇ. ಬೆಂಜೀನೂ ಅಷ್ಟೇ. ನಾವು ಬರೆಯೋ ಎರಡು ಚಿತ್ರಾನೂ ಪೂರ್ತಿ ನಿಜ ಅಲ್ಲ, ಅಣು ಇರೋದು ಒಂದೇ ರೂಪದಲ್ಲಿ. ಜೋಡಿ ಬಂಧದ ಎರಡನೇ ಗೆರೆ ಇದೆಯಲ್ಲ, ಅದರ ಎಲೆಕ್ಟ್ರಾನುಗಳು ಯಾವ ಎರಡು ಕಾರ್ಬನ್ನಿನ ಸ್ವಂತ ಆಸ್ತಿನೂ ಅಲ್ಲ. ಇಡೀ ಉಂಗುರದಲ್ಲಿ ಹರಡಿಕೊಂಡಿರ್ತವೆ. ಅದಕ್ಕೇ ಆರೂ ಬಂಧಗಳ ಉದ್ದ ಒಂದೇ, ಅಣುನೂ ಗಟ್ಟಿ."

"ಓಹೋ, ಹೀಗೋ," ಎಂದಿತು ಒಂದು ದನಿ. ಅದು ತಮ್ಮದೇ ಎಂದು ಮೇಷ್ಟ್ರಿಗೆ ತಿಳಿದದ್ದು ಕಿಟಕಿಯ ತುಂಬ ತಲೆಗಳು ಇಣುಕಿದಾಗ.

"ಒಳಗೇ ಬನ್ನಿ ಸರ್, ಮಂಡಿ ನೋಯುತ್ತೆ," ಎಂದರು ಮೇಡಂ.

ಸ್ಟಾಫ್‌ರೂಮಿನಲ್ಲಿ ಗಣಿತದ ಮೇಷ್ಟ್ರು ಕಿವಿಯೂದಿದರು. "ಬೈದರೆ ಹೊಟ್ಟೆಕಿಚ್ಚು ಅಂತಾರೆ. ಹೊಗಳಿ ಅಟ್ಟಕ್ಕೇರಿಸಿ, ಆಮೇಲೆ ಏಣಿ ತೆಗೀರಿ. ನಮ್ಮ ಆಡಳಿತದೋರ ಇನ್ನೊಂದು ಕಾಲೇಜಿದೆಯಲ್ಲ, ಬಸ್ಸೂ ಹೋಗದ ಜಾಗ? ಅಲ್ಲಿ ಕೆಮಿಸ್ಟ್ರಿಗೆ ಜನ ಇಲ್ಲ. ಇಂಥ ಜಾಣೆ ಅಲ್ಲಿಗೇ ಬೇಕು ಅನ್ನಿ."

ಮೇಷ್ಟ್ರು ಪ್ರಿನ್ಸಿಪಾಲರೆದುರು ಕೂತು, ಹಾಗಲಕಾಯಿ ಜಗಿದ ಮುಖದಲ್ಲೇ ಹೊಗಳಿದರು. ಮೂಗು, ಹಣೆ, ಉಂಗುರ, ಯಾವುದನ್ನೂ ಬಿಡದೆ ವಿವರಿಸಿದರು. ಪ್ರಿನ್ಸಿಪಾಲರು ಇತಿಹಾಸದವರು, ಅವರಿಗೂ ಅರ್ಥವಾಗಿಹೋಯಿತು. ಮೇಷ್ಟ್ರು ಅಸಲು ಮಾತಿಗೆ ಬರುವಷ್ಟರಲ್ಲಿ ಅವರೇ ಕೈಯೆತ್ತಿ ತಡೆದರು.

"ಸಕಾಲಕ್ಕೆ ಬಂದ್ರಿ. ಆ ಹುಡುಗೀನ ನಾಳೆನೇ ನಮ್ಮ ಇನ್ನೊಂದು ಕಾಲೇಜಿಗೆ ಕಳಿಸೋದು ಅಂತಿದ್ದೆ. ಇಂಥವರನ್ನ ಬಿಟ್ಟುಕೊಟ್ರೆ ಮಕ್ಕಳ ಶಾಪ ತಟ್ಟುತ್ತೆ."

ಮೇಷ್ಟ್ರು ಕುರ್ಚಿಯ ತುದಿಗೆ ಸರಿದರು. "ಹಾಗಾದ್ರೆ... ಅಲ್ಲಿಗೆ?"

"ನೀವು ಹೊರಡಿ. ರೆಸೋನೆನ್ಸ್ ನಿಮಗೂ ಈಗ ಅರ್ಥ ಆಗಿದೆಯಲ್ಲ."